ಹಳ್ಳದ ಕಲ್ಲು ಮಗುಚಿ ನೋಡಿ

ತೋಟದ ಪಕ್ಕದ ಹಳ್ಳ ಚೆನ್ನಾಗಿದೆಯಾ ಅಂತ ತಿಳಿಯಬೇಕಾದರೆ, ನೀರು ಜೋರಾಗಿ ಹರಿಯುವ ಕಡೆ ಅಂಗೈ ಅಗಲದ ಐದಾರು ಕಲ್ಲು ಎತ್ತಿ ಅಡಿಭಾಗ ನೋಡಿ. ಚಪ್ಪಟೆ ಮೈ, ಹಿಂದೆ ಎರಡು ಮೂರು ಕೂದಲೆಳೆಯಂಥ ಬಾಲ ಇರುವ ಮರಿಹುಳಗಳು (ಮೇಫ್ಲೈ, ಸ್ಟೋನ್‌ಫ್ಲೈ), ಮರಳು ಕಡ್ಡಿ ಅಂಟಿಸಿಕೊಂಡು ಪುಟ್ಟ ಗೂಡು ಮಾಡಿಕೊಂಡ ಕ್ಯಾಡಿಸ್ ಹುಳ, ಹೀಗೆ ನಾಲ್ಕೈದು ಬಗೆ ಸಿಕ್ಕರೆ ಖುಷಿಪಡಿ. ಇವು ನೀರಲ್ಲಿ ಕರಗಿದ ಆಮ್ಲಜನಕವನ್ನೇ ಉಸಿರಾಡುತ್ತವೆ, ಅದು ಕಮ್ಮಿಯಾದರೆ ಮೊದಲು ಕಾಣೆಯಾಗುವುದೂ ಇವೇ. ಬರೀ ಕೆಂಪು ಎಳೆಹುಳ ಮಾತ್ರ ತುಂಬಿದ್ದರೆ ಅನುಮಾನ ಪಡಿ, ಅವಕ್ಕೆ ಮೈಯಲ್ಲಿ ಆಮ್ಲಜನಕ ಹಿಡಿದಿಡುವ ಹಿಮೋಗ್ಲೋಬಿನ್ ಇರುವುದರಿಂದ ಕೊಳೆತ ನೀರಲ್ಲೂ ಬದುಕುತ್ತವೆ. ಕೊಡಗು, ಚಿಕ್ಕಮಗಳೂರು ಕಡೆಯವರು ಕಾಫಿ ಪಲ್ಪಿಂಗ್ (ಯಂತ್ರದಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ) ಸಮಯದಲ್ಲಿ ಇದನ್ನು ಮಾಡಲೇಬೇಕು: ಪಲ್ಪರ್ ನೀರು ಸೇರುವ ಜಾಗಕ್ಕಿಂತ ಮೇಲೊಂದು ಸಲ, ಕೆಳಗೊಂದು ಸಲ. ಆ ನೀರಿನ ಸಕ್ಕರೆ, ಲೋಳೆ ಕೊಳೆಯುವಾಗ ಆಮ್ಲಜನಕವನ್ನೆಲ್ಲ ಎಳೆದುಕೊಂಡುಬಿಡುತ್ತದೆ, ವ್ಯತ್ಯಾಸ ಕಣ್ಣಿಗೇ ಕಾಣಿಸುತ್ತದೆ. ಜೋರು ಮಳೆಗಾಲದಲ್ಲಿ ಮಾತ್ರ ಸುಮ್ನೆ ನೋಡಬೇಡಿ, ಪ್ರವಾಹಕ್ಕೆ ಹುಳ ಕೊಚ್ಚಿ ಹೋಗಿರುತ್ತವೆ, ಕಾಲು ಜಾರುವ ಭಯ ಬೇರೆ. ಕೆಸರು ತಳದ ಕೆರೆಗೂ ಈ ಲೆಕ್ಕ ನಡೆಯಲ್ಲ, ಅಲ್ಲಿ ಇರುವ ಜೀವಿಗಳೇ ಬೇರೆ. ಇನ್ನೊಂದು, ಹುಳ ಇದೆ ಅಂತ ಆ ನೀರು ಕುಡಿಯಬೇಡಿ, ಕಾಯಿಲೆ ತರುವ ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ ಇವು ಹೇಳಲ್ಲ. ನೋಡಿದ ಮೇಲೆ ಕಲ್ಲನ್ನು ಮೊದಲಿದ್ದ ಹಾಗೇ, ಅದೇ ಮಗ್ಗುಲಾಗಿ ಇಡಿ.