ಉಳಿದ ವೈನ್‌ಗೆ ಒಂದು ಅರ್ಧ ಬಾಟಲಿ

750 ಮಿ.ಲೀ. ಬಾಟಲಿ ಅಂದರೆ 150 ಮಿ.ಲೀ.ನ ಐದು ಗ್ಲಾಸ್. ಬೇಕಾಗಿರುವುದು ಒಂದೋ ಎರಡೋ. ಉಳಿದದ್ದಕ್ಕೆ ಮುಚ್ಚಳ ತಿರುಗಿಸಿ ಅಡುಗೆಕಟ್ಟೆ ಮೇಲಿಟ್ಟರೆ, ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ ಎರಡು ಮೂರು ದಿನಕ್ಕೇ ರುಚಿ ಇಳಿಯುತ್ತದೆ. ಮೊದಲು ಹಣ್ಣಿನ ಪರಿಮಳ ಹೋಗುತ್ತದೆ, ಆಮೇಲೆ ಕತ್ತರಿಸಿಟ್ಟು ಕಂದಿದ ಸೇಬಿನ ವಾಸನೆ, ಕೊನೆಗೆ ವಿನೆಗರ್. ಸೇಬಿನ ವಾಸನೆಗೆ ಕಾರಣ ಆಲ್ಕೋಹಾಲ್ ಗಾಳಿಯೊಂದಿಗೆ ಸೇರಿ ಅಸಿಟಾಲ್ಡಿಹೈಡ್ ಆಗುವುದು. ವಿನೆಗರ್ ಮಾಡುವುದು ಬ್ಯಾಕ್ಟೀರಿಯಾ. ಬಾಳೆಹಣ್ಣಿಗೆ ಮುತ್ತುವ ಗುಂಗುರು ಹುಳು ಅದನ್ನು ಹೊತ್ತು ತರುತ್ತದೆ, ಹಾಗಾಗಿ ಬಾಟಲಿಯನ್ನು ತೆರೆದಿಡಲೇಬಾರದು.

ಲೆಕ್ಕ ಹೀಗಿದೆ. ಎರಡು ಗ್ಲಾಸ್ ಬಗ್ಗಿಸಿದರೆ ಬಾಟಲಿಯೊಳಗೆ 300 ಮಿ.ಲೀ. ಗಾಳಿ ತುಂಬಿಕೊಳ್ಳುತ್ತದೆ. ಅದರಲ್ಲಿ ಐದನೇ ಒಂದು ಭಾಗ, ಸುಮಾರು 60 ಮಿ.ಲೀ., ಆಮ್ಲಜನಕ. ಅದೇ ವೈನನ್ನು ಸಣ್ಣ ಬಾಟಲಿಗೆ ಕತ್ತಿನವರೆಗೆ ತುಂಬಿ ಐದು ಮಿ.ಲೀ. ಜಾಗ ಬಿಟ್ಟರೆ ಒಳಗಿರುವ ಆಮ್ಲಜನಕ ಬರೀ ಒಂದು ಮಿ.ಲೀ. ಪಂಪು, ಗ್ಯಾಸು ಎಲ್ಲ ಆಮೇಲಿನ ಮಾತು.

ನಾನು ಬಳಸುವುದು ತಿರುಪು ಮುಚ್ಚಳದ 375 ಮಿ.ಲೀ. ವೈನ್ ಬಾಟಲಿ, ಅಂದರೆ ಅರ್ಧ ಅಳತೆಯದು. ನಮ್ಮೂರಿನ ‘ವೈನ್ ಶಾಪ್’ಗಳಲ್ಲಿ ವೈನ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಧಾರಾಳ, ಆದರೂ ಹುಡುಕಿದರೆ ಈ ಅಳತೆ ಸಿಗುತ್ತದೆ. ಒಮ್ಮೆ ಕೊಂಡು ಕುಡಿದರೆ ಬಾಟಲಿ ವರ್ಷಗಟ್ಟಲೆ ನಿಮ್ಮದೇ. ಬಿಸಿನೀರಲ್ಲಿ ಮಾತ್ರ ತೊಳೆದು ಬೋರಲು ಹಾಕಿ ಪೂರ್ತಿ ಒಣಗಿಸಬೇಕು. ಪಾತ್ರೆ ಸೋಪಿನ ನಿಂಬೆ ವಾಸನೆ ಮುಚ್ಚಳದೊಳಗಿನ ಪದರದಲ್ಲಿ ಕೂತುಬಿಡುತ್ತದೆ. ಸಾಸ್, ಉಪ್ಪಿನಕಾಯಿ ಬಾಟಲಿಗಳು ಬೇಡವೇ ಬೇಡ.

ಎಲ್ಲಕ್ಕಿಂತ ಮುಖ್ಯವಾದದ್ದು ಸಮಯ. ದೊಡ್ಡ ಬಾಟಲಿ ತೆರೆದ ತಕ್ಷಣ, ಗ್ಲಾಸಿಗೆ ಬಗ್ಗಿಸುವ ಮೊದಲೇ ಈ 375 ಮಿ.ಲೀ. ಬಾಟಲಿಯನ್ನು ತುಂಬಿಡಬೇಕು. ಊಟ ಮುಗಿದ ಮೇಲೆ ನೋಡೋಣ ಅಂದುಕೊಂಡರೆ ಅಷ್ಟರಲ್ಲಿ ವೈನ್ ಗಂಟೆಗಟ್ಟಲೆ ಗಾಳಿ ಕುಡಿದಿರುತ್ತದೆ. ನನ್ನ ಮೊದಮೊದಲ ಬಾಟಲಿಗಳು ಐದನೇ ದಿನಕ್ಕೇ ಸಪ್ಪೆಯಾಗಿದ್ದು ಇದರಿಂದಲೇ. ಫಿಲ್ಟರ್ ಕಾಫಿಯನ್ನು ಎತ್ತಿ ಆಡಿಸುವುದು ನೊರೆ ಬರಲೆಂದು, ಅಂದರೆ ಗಾಳಿ ಸೇರಲೆಂದು. ಇಲ್ಲಿ ಅದರ ತದ್ವಿರುದ್ಧ. ಬಾಟಲಿಯನ್ನು ಓರೆ ಹಿಡಿದು, ಆಲಿಕೆಯ ತುದಿ ಒಳಗೋಡೆಗೆ ತಾಗುವಂತಿಟ್ಟು, ಗುಳುಗುಳು ಸದ್ದು ಬಾರದಂತೆ ನಿಧಾನವಾಗಿ ಇಳಿಸಬೇಕು. ಬಾಯಿಯಿಂದ ಒಂದೂವರೆ ಸೆಂಟಿಮೀಟರ್ ಕೆಳಗೆ ನಿಲ್ಲಿಸಿ. ತಣ್ಣಗಿನ ವೈನನ್ನು ಬಾಯಿಮಟ್ಟ ತುಂಬಿ ಹೊರಗಿಟ್ಟರೆ ಹಿಗ್ಗಿ ಮುಚ್ಚಳದ ಸುತ್ತ ಜಿನುಗುತ್ತದೆ.

ತುಂಬಿದ ಮೇಲೆ ದೊಡ್ಡ ಬಾಟಲಿಯಲ್ಲಿ ಉಳಿಯುವುದು ಎರಡೂವರೆ ಗ್ಲಾಸ್, ಅದು ಇವತ್ತಿನದು. ಒಂದೇ ಗ್ಲಾಸ್ ಸಾಕು ಅನ್ನುವ ದಿನ ಮಿಕ್ಕಿದ್ದನ್ನು 250 ಮಿ.ಲೀ.ನ ಸೋಡಾ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ವೈನ್ ಬಾಯಿಗೆ ಬರುವವರೆಗೆ ಹಿಸುಕಿ, ಹಿಸುಕಿದಂತೆಯೇ ಮುಚ್ಚಳ ಬಿಗಿ ಮಾಡುತ್ತೇನೆ. ನೋಡಲು ಚಂದವಿಲ್ಲ. ಪ್ಲಾಸ್ಟಿಕ್ ನಿಧಾನಕ್ಕೆ ಗಾಳಿಯನ್ನು ಒಳಗೆ ಬಿಡುವುದರಿಂದ ನಾಲ್ಕು ದಿನದೊಳಗೆ ಮುಗಿಸಬೇಕು.

ಕೆಂಪಾಗಲಿ ಬಿಳಿಯಾಗಲಿ ಫ್ರಿಜ್ಜೇ ಜಾಗ. ಬಾಗಿಲಿನ ತಟ್ಟೆಯಲ್ಲಲ್ಲ, ಒಳಗೆ ಹಿಂದುಗಡೆ, ನೆಟ್ಟಗೆ ನಿಲ್ಲಿಸಿ. ಅಡ್ಡ ಮಲಗಿಸಿದರೆ ಗಾಳಿಗೆ ತಾಗುವ ಮೇಲ್ಮೈ ಹೆಚ್ಚುತ್ತದೆ. ಕಾರ್ಕ್ ಇರುವ ಬಾಟಲಿಗೆ ಅದೇ ಕಾರ್ಕನ್ನು ವಾಪಸ್ ಒತ್ತುವಾಗ ವೈನ್ ತಾಗಿ ಕಲೆಯಾದ ತುದಿಯೇ ಕೆಳಗಿರಲಿ. ಸಲೀಸಾಗಿ ಇಳಿಯುತ್ತದೆಂದು ತಿರುಗಿಸಿ ಹಾಕಿದರೆ ಮೇಲ್ತುದಿಯ ಧೂಳು ಒಳಗೆ ಹೋಗುತ್ತದೆ. ಮುಚ್ಚಳ ಸಡಿಲವಿದ್ದರೆ ಪಕ್ಕದ ದೋಸೆಹಿಟ್ಟಿನ ವಾಸನೆಯೂ ಸೇರಿಕೊಳ್ಳುತ್ತದೆ. ಅಂಟುಪಟ್ಟಿ ಮೇಲೆ ತಾರೀಖು ಬರೆಯುತ್ತೇನೆ. ಹೀಗೆ ತುಂಬಿಟ್ಟ ನಂದಿ ಬೆಟ್ಟದ ಕಡೆಯ ಕ್ಯಾಬರ್ನೆ–ಶಿರಾಜ್ ಕೆಂಪು ವೈನ್ ಎರಡು ವಾರದ ಮೇಲೂ ಚೆನ್ನಾಗಿರುತ್ತದೆ. ಸೊವಿನ್ಯೋ ಬ್ಲಾಂಕ್ ಎಂಬ ಬಿಳಿ ವೈನಿನ ಪರಿಮಳ ಬೇಗ ಸೊರಗುವುದರಿಂದ ಅದಕ್ಕೆ ವಾರವೇ ಗಡುವು.

ರಬ್ಬರ್ ಬಿರಡೆಯ ವ್ಯಾಕ್ಯೂಮ್ ಪಂಪು ಗಾಳಿಯನ್ನೆಲ್ಲ ತೆಗೆಯುವುದಿಲ್ಲ. ಬಿರಡೆ ಒಣಗಿದ್ದರೆ ರಾತ್ರಿಯೊಳಗೆ ಗಾಳಿ ಮತ್ತೆ ನುಗ್ಗಿರುತ್ತದೆ. ಬಿರಡೆಯ ಅಂಚನ್ನು ಒದ್ದೆ ಮಾಡಿ ಹಾಕಿ, ಮಾರನೇ ದಿನ ತೆಗೆಯುವಾಗ ‘ಸುಸ್’ ಸದ್ದು ಬರದಿದ್ದರೆ ಹಿಡಿದಿಲ್ಲವೆಂದೇ ಲೆಕ್ಕ. ಮೂರು ದಿನಕ್ಕೆ ಪರವಾಗಿಲ್ಲ. ಕೊರವಿನ್ ಎಂಬ ಸಾಧನ ಸೂಜಿಯನ್ನು ಕಾರ್ಕಿನಲ್ಲಿ ತೂರಿಸಿ, ವೈನ್ ಹೊರಬಂದಷ್ಟೂ ವೈನನ್ನು ಕೆಡಿಸದ ಆರ್ಗಾನ್ ಗ್ಯಾಸ್ ತುಂಬುತ್ತದೆ. ಕೆಲಸ ಅಚ್ಚುಕಟ್ಟು, ಆದರೆ ಸೂಜಿಗೆ ಅಸಲಿ ಕಾರ್ಕ್ ಬೇಕು, ತಿರುಪು ಮುಚ್ಚಳಕ್ಕೆ ಬೇರೆಯದೇ ಮುಚ್ಚಳ ಕೊಳ್ಳಬೇಕು, ಗ್ಯಾಸ್ ಡಬ್ಬಿ ಮುಗಿದಾಗಲೆಲ್ಲ ಮತ್ತೆ ಖರ್ಚು. ದಿನನಿತ್ಯದ ಬಾಟಲಿಗೆ ಅಷ್ಟು ಹಾಕುವುದು ದಂಡ.

ಸ್ಪಾರ್ಕ್ಲಿಂಗ್, ಅಂದರೆ ಗುಳ್ಳೆ ಏಳುವ ವೈನ್‌ಗೆ ಪಂಪು ಹಾಕಲೇಬೇಡಿ, ಗುಳ್ಳೆಯನ್ನೇ ಎಳೆದು ಹಾಕುತ್ತದೆ. ಕತ್ತಿಗೆ ಕೊಕ್ಕೆ ಹಾಕಿಕೊಳ್ಳುವ ಬಿರಡೆ ಇದ್ದರೆ ಎರಡು ದಿನ. ಬಾಯಲ್ಲಿ ಚಮಚ ನಿಲ್ಲಿಸುವುದು ಬರೀ ನಂಬಿಕೆ.

ತೀರಾ ಮಿಕ್ಕಿದರೆ ಐಸ್ ಟ್ರೇಗೆ ಹಾಕಿ ಫ್ರೀಜರಿಗಿಡಿ, ಅಡುಗೆಗೆ ಆಗುತ್ತದೆ. ತುಂಬಿದ ಗಾಜಿನ ಬಾಟಲಿಯನ್ನೇ ಇಟ್ಟರೆ ಒಡೆಯಬಹುದು. ಕೆಂಪು ವೈನನ್ನು ಕುಡಿಯುವ ಅರ್ಧ ಗಂಟೆ ಮೊದಲು ಫ್ರಿಜ್ಜಿನಿಂದ ತೆಗೆದಿಡಿ. ಬೇಸಿಗೆಯಾದರೆ ಇಪ್ಪತ್ತು ನಿಮಿಷ ಸಾಕು.