ಒಂದು ಕೆರೆ, ನಾಲ್ಕು ಕ್ಯಾಲೆಂಡರು

ಕೋಲಾರ ಜಿಲ್ಲೆಯ ಒಂದು ಊರಿನ ಕೆರೆ ಹೂಳೆತ್ತುವಾಗ ಹಣ ಕೊಡುವ ಕಂಪನಿ, ನೀರಾವರಿ ಇಲಾಖೆ, ಪಂಚಾಯಿತಿ ಮತ್ತು ರೈತರ ನಡುವೆ ಓಡಾಡುವ ಹೊಣೆ ನನ್ನ ಮೇಲಿತ್ತು. ನಮ್ಮದು ಚಿಕ್ಕ ಸ್ವಯಂಸೇವಾ ಸಂಸ್ಥೆ. ಕೈಯಲ್ಲಿ ದುಡ್ಡಿಲ್ಲ, ಅಧಿಕಾರವಿಲ್ಲ, ಆ ಊರಲ್ಲಿ ಒಂದು ಗುಂಟೆ ಜಮೀನೂ ಇಲ್ಲ. ಹಾಗಾಗಿಯೇ ಎಲ್ಲರೂ ನಮ್ಮ ಮಾತಿಗೆ ಒಂದಿಷ್ಟು ಕಿವಿಗೊಟ್ಟರು ಅನ್ನಿಸುತ್ತದೆ. ಈಗ ಬೇರೆ ಊರಿನವರು ಫೋನ್ ಮಾಡಿದರೆ ಮೊದಲ ಪ್ರಶ್ನೆ, "ದುಡ್ಡು ಯಾರು ಕೊಟ್ರು ಸಾರ್?" ದುಡ್ಡು ಹೇಗೋ ಹುಟ್ಟಿತು. ನಮಗೆ ಬೆವರಿಳಿಸಿದ್ದು ತಾರೀಕು.

ಕಂಪನಿಗೆ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, 500 ಕೋಟಿ ನಿವ್ವಳ ಮೌಲ್ಯ ಅಥವಾ 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಅದಕ್ಕೇ ಜನವರಿ ಬಂದರೆ ಅವರಿಗೆ ಆತುರ. ಕೆರೆಯ ಲೆಕ್ಕ ಬೇರೆ. ಶಿವರಾತ್ರಿ ಕಳೆದ ಮೇಲಷ್ಟೇ ಕೆರೆಯಂಗಳ ಒಣಗಿ, ಮಣ್ಣು ಅಗೆಯುವ ಹಿಟಾಚಿ ಇಳಿಯಲು ನೆಲ ಗಟ್ಟಿಯಾಗುತ್ತದೆ. ಮುಂಗಾರಿಗೆ ಮೊದಲೇ ಗೋಡು, ಅಂದರೆ ಕೆರೆಯ ಹೂಳುಮಣ್ಣು, ಹೊಲ ಸೇರಿರಬೇಕು. ಅಂದರೆ ಕಂಪನಿಯ ವರ್ಷ ಮುಗಿಯುವ ಹೊತ್ತಿಗೆ ಕೆರೆಯ ಕೆಲಸ ಶುರು! ಇನ್ನು ಇಲಾಖೆ. ಅಚ್ಚುಕಟ್ಟು, ಅಂದರೆ ಕೆರೆ ನೀರು ಉಣ್ಣುವ ಜಮೀನು, 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಕಡಿಮೆ ಇದ್ದರೆ ಪಂಚಾಯತ್ ರಾಜ್ ಸಂಸ್ಥೆಗಳಿಗೆ ಸೇರುತ್ತದೆ. ನಮ್ಮದು ಇಲಾಖೆಯ ಕೆರೆ. ಅಲ್ಲಿ ಕಡತ ನಡೆಯುವುದು ಅದರದೇ ವೇಗದಲ್ಲಿ. ನಡುವೆ ಚುನಾವಣೆ ಬಂದು ನೀತಿ ಸಂಹಿತೆ ಜಾರಿಯಾದರೆ ಅಲ್ಲೇ ನಿಲ್ಲುತ್ತದೆ. ಪಂಚಾಯಿತಿಗೆ ಗ್ರಾಮಸಭೆ, ಕ್ರಿಯಾಯೋಜನೆ ಅಂತ ಮತ್ತೊಂದು ಸುತ್ತು.

ನಾನು ಮಾಡಿದ್ದು ಇಷ್ಟೇ: ಈ ನಾಲ್ಕನ್ನೂ ಒಂದು ದೊಡ್ಡ ಹಾಳೆಯ ಮೇಲೆ ಪಕ್ಕಪಕ್ಕ ಬರೆದು, ಮೊದಲ ಸಭೆಗೆ ಅದನ್ನೇ ತೆಗೆದುಕೊಂಡು ಹೋದೆ. ಗುರಿ, ಉದ್ದೇಶ, ದೂರದೃಷ್ಟಿ ಯಾವುದನ್ನೂ ಎತ್ತಲಿಲ್ಲ. ಕಂಪನಿಯ ಲೆಕ್ಕಪತ್ರದವರು ಹಾಳೆ ನೋಡಿ, "ಇದನ್ನ ಒಂದೇ ವರ್ಷದ ಕೆಲಸ ಅಂತ ತೋರಿಸೋಕಾಗಲ್ಲ" ಎಂದು ತಾವೇ ಹೇಳಿದರು. ಮುಂದುವರಿಯುವ ಯೋಜನೆ ಅಂತ ಅವರ ಮಂಡಳಿ ಒಪ್ಪಿದರೆ, ಉಳಿದ ಹಣವನ್ನು ವರ್ಷ ಮುಗಿದ 30 ದಿನದೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿ, ಮುಂದಿನ ಮೂರು ಹಣಕಾಸು ವರ್ಷಗಳಲ್ಲಿ ಬಳಸಬಹುದು. 2021ರಿಂದ ಆ ದಾರಿ ಇದೆ. ಅದರಿಂದ ಮಾರ್ಚಿನ ಆತುರ ತಪ್ಪಿತು. ಕಾಗದದ ಕೆಲಸ ದೀಪಾವಳಿ ಸುಮಾರಿಗೆ, ಮಣ್ಣಿನ ಕೆಲಸ ಶಿವರಾತ್ರಿ ಮೇಲೆ ಅಂತ ಎಲ್ಲರೂ ಒಪ್ಪಿದರು.

ಮೊದಲ ಅಂದಾಜುಪಟ್ಟಿಯಲ್ಲಿ ಹೂಳೆತ್ತುವುದು, ಏರಿ ಬಲಪಡಿಸುವುದು, ಕೂರಲು ಕಲ್ಲುಬೆಂಚು, ಒಂದು ನಾಮಫಲಕ ಇದ್ದವು. ಜಾಗ ತೋರಿಸಲು ಏರಿ ಮೇಲೆ ನಡೆಯುವಾಗ ಕೆರೆ ನೀರು ಬಿಡುವ, ಕಟ್ಟುವ ಕೆಲಸದ ಊರಿನ ನೀರುಗಂಟಿ ಜೊತೆಗಿದ್ದರು. ಎಪ್ಪತ್ತರ ಆಸುಪಾಸಿನ ಮನುಷ್ಯ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಕೋಲು. ಜಾಲಿ ಮುಚ್ಚಿಕೊಂಡಿದ್ದ ಒಂದು ಕಡೆ ಕೋಲು ಊರಿ, "ತೂಬು ಇಲ್ಲಿ ಕೆಳಗೈತೆ" ಎಂದರು. ತೂಬು ಅಂದರೆ ಕೆರೆಯಿಂದ ನೀರು ಹೊರಬಿಡುವ ಬಾಯಿ. ನಮಗೆ ಮುಳ್ಳು ಬಿಟ್ಟು ಬೇರೇನೂ ಕಾಣಲಿಲ್ಲ. ಆಮೇಲೆ ಎಂಜಿನಿಯರನ್ನು ನೋಡಿ, "ಅಲ್ಲಾ ಸಾಮೀ, ಗುಂಡಿ ತೋಡ್ತೀರಾ ಸರಿ. ನೀರು ಎಲ್ಲಿಂದ ಬರ್ತೈತೆ?" ಅಂದರು.

ಯಾರ ಬಾಯಲ್ಲೂ ಉತ್ತರವಿಲ್ಲ. ಅವರೇ ನಮ್ಮನ್ನು ಮೇಲಕ್ಕೆ ಕರೆದುಕೊಂಡು ಹೋದರು. ರಸ್ತೆ ಅಡಿಯ ಮೋರಿಯಲ್ಲಿ ಅರ್ಧಕ್ಕೂ ಹೆಚ್ಚು ಮಣ್ಣು, ಅದರಾಚೆ ಕೆರೆಗೆ ನೀರು ತರುವ ರಾಜಕಾಲುವೆಯ ಮೇಲೇ ರಾಗಿ ಪೈರು, ಇನ್ನೂ ಮೇಲೆ ನೀಲಗಿರಿ ತೋಪು. ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆಯಾದರೂ ನಮ್ಮ ಕೆರೆ ಆ ಪಟ್ಟಿಯಲ್ಲಿರಲಿಲ್ಲ. ಮಳೆ ನೀರೇ ಗತಿ, ಅದು ಬರುವ ದಾರಿಯೇ ಮುಚ್ಚಿತ್ತು. ಅಂದಾಜುಪಟ್ಟಿ ಬದಲಾಯಿತು, ಕಾಲುವೆ ಮೊದಲ ಸಾಲಿಗೆ ಬಂತು.

ಇಲ್ಲಿ ನಿಯಮದ ಒಂದು ತೊಡಕು. ಉದ್ಯೋಗ ಖಾತ್ರಿಯ ನರೇಗಾ ಕೆಲಸದಲ್ಲಿ ಕೂಲಿಯವರ ಜಾಗಕ್ಕೆ ಯಂತ್ರ ತರುವಂತಿರಲಿಲ್ಲ. ಕಂಪನಿ ಹಣದ ಕೆಲಸ ಯಂತ್ರವಿಲ್ಲದೆ ಆಗುವುದಿಲ್ಲ. ಎರಡನ್ನೂ ಒಂದೇ ಕಾಮಗಾರಿಯಲ್ಲಿ ಬೆರೆಸಿದರೆ ಆಡಿಟ್‌ನಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಕುತ್ತಿಗೆಗೆ ಬರುತ್ತಿತ್ತು. ಅದಕ್ಕೆ ಕಾಲುವೆ ಮತ್ತು ಏರಿಯ ಜಾಲಿ ತೆಗೆಯುವುದು ನರೇಗಾದಲ್ಲಿ, ಅಂಗಳದ ಹೂಳು ಕಂಪನಿ ಹಣದಲ್ಲಿ ಎಂದು ಬೇರೆ ಬೇರೆ ಕಾಮಗಾರಿ ಮಾಡಿದೆವು. ಇದರಿಂದ ಇನ್ನೊಂದು ಅನುಕೂಲವಾಯಿತು. ಅಚ್ಚುಕಟ್ಟಿನಲ್ಲಿ ಜಮೀನಿಲ್ಲದ ಮನೆಯವರಿಗೆ, ಅದರಲ್ಲೂ ಹೆಂಗಸರಿಗೆ, ಕೂಲಿ ಸಿಕ್ಕಿತು. ಇಲ್ಲದಿದ್ದರೆ ಕೆರೆ ಕೆಲಸ ಜಮೀನಿದ್ದವರ ಕೆಲಸವಾಗಿಯೇ ಉಳಿಯುತ್ತಿತ್ತು.

ಒತ್ತುವರಿ ಅಳತೆಯ ದಿನ ಬರಬೇಡಿ ಅಂತ ಕಂಪನಿಯವರಿಗೆ ನಾನೇ ಹೇಳಿದ್ದೆ. ಅವರಿಗೆ ಸ್ವಲ್ಪ ಬೇಸರವೂ ಆಯಿತು. ಆದರೆ ಕಂಪನಿಯ ಕಾರು ನಿಂತಿದ್ದರೆ ಮಾತು ಕಾಲುವೆಯಿಂದ ಪರಿಹಾರಕ್ಕೆ ಜಾರುತ್ತದೆ, ಅದು ಎಲ್ಲ ಕಡೆ ಆಗುವುದೇ. ಅವತ್ತು ಸರ್ವೆಯರು ಗ್ರಾಮ ನಕ್ಷೆ ಹಿಡಿದು ಮುಂದೆ, ಊರಿನ ಹಿರಿಯರು ಪಕ್ಕದಲ್ಲಿ, ನಾವು ಹಿಂದೆ. ರಾಗಿ ಬೆಳೆದಿದ್ದವರು ಕೊಯ್ಲು ಮುಗಿಸಿಕೊಂಡು ಬಿಡುತ್ತೇವೆ ಎಂದರು, ಹಾಗೇ ಬಿಟ್ಟರು. ಗೋಡು ಹಂಚುವಾಗ ರೈತರ ಸಂಘ ಮುಂದೆ, ಬಿಲ್ಲಿನ ಹೊತ್ತಿಗೆ ಕಂಪನಿ ಮುಂದೆ. ಸಹಭಾಗಿತ್ವ ಅಂದಕೂಡಲೇ ಎಲ್ಲರೂ ಎಲ್ಲ ಸಭೆಯಲ್ಲೂ ಕೂರಬೇಕು ಅಂತ ತರಬೇತಿಗಳಲ್ಲಿ ಹೇಳಿಕೊಡುತ್ತಾರೆ. ನಾನು ಒಪ್ಪುವುದಿಲ್ಲ. ಯಾವ ದಿನ ಯಾರು ಇರಬಾರದು ಎಂದು ಗೊತ್ತಿರುವುದು ಅರ್ಧ ಕೆಲಸ.

ಗೋಡಿನ ಲೆಕ್ಕ ಹೀಗಿತ್ತು: ಅಗೆದು ತುಂಬಿಸುವ ಯಂತ್ರದ ಬಾಡಿಗೆ ಕಂಪನಿಯದು, ಹೊಲಕ್ಕೆ ಸಾಗಿಸುವ ಖರ್ಚು ರೈತರದು. ಮಹಾರಾಷ್ಟ್ರ ಸರ್ಕಾರ 2017ರಲ್ಲಿ ಜಲಾಶಯಗಳ ಹೂಳಿಗೆ ಇಂಥದ್ದೇ ಯೋಜನೆ ತಂದಿತ್ತು. ಕೇಳಲು ಚೆನ್ನಾಗಿದೆ. ಆದರೆ ಟ್ರ್ಯಾಕ್ಟರ್ ಇದ್ದವರು ಸಾಲಾಗಿ ನಿಂತು ಒಳ್ಳೆ ಗೋಡನ್ನೆಲ್ಲ ಹೊಡೆದುಕೊಂಡು ಹೋಗಬಹುದು, ಎರಡು ಎಕರೆಯವರು ನೋಡುತ್ತಾ ನಿಲ್ಲಬೇಕಾಗಬಹುದು. ಈ ಮಾತು ಎತ್ತಿದ್ದು ಸ್ತ್ರೀಶಕ್ತಿ ಸಂಘದ ಒಬ್ಬ ಸದಸ್ಯೆ. "ಬೆಂಚಿನ ಮೇಲೆ ಕೂರೋಕೆ ನಮಗೆ ಪುರುಸೊತ್ತೆಲ್ಲಿದೆ? ಆ ದುಡ್ಡಲ್ಲಿ ಟ್ರ್ಯಾಕ್ಟರ್ ಬಾಡಿಗೆ ಕೊಡಿಸಿ" ಎಂದರು. ಕಲ್ಲುಬೆಂಚಿನ ಹಣ ಸಣ್ಣ ರೈತರ ಟ್ರಾಲಿ ಬಾಡಿಗೆಗೆ ಹೋಯಿತು. ಕಂಪನಿ ಒಪ್ಪಿದ್ದಕ್ಕೆ ಅವರನ್ನು ಮೆಚ್ಚಬೇಕು. ಬೆಂಚಿನ ಫೋಟೊ ತೆಗೆಯಬಹುದು, ಬಾಡಿಗೆಯ ಫೋಟೊ ತೆಗೆಯಲಾಗುವುದಿಲ್ಲವಲ್ಲ.

ಏರಿಯ ಬಾಯಲ್ಲಿ ಚೀಟಿ ಪುಸ್ತಕ ಇಟ್ಟಿದ್ದೆವು. ಪ್ರತಿ ಲೋಡಿಗೆ ರೈತರ ಹೆಸರು, ಹೊಲದ ಸರ್ವೆ ನಂಬರು, ಕಾರ್ಬನ್ ಪ್ರತಿ. ಗೋಡು ಇಟ್ಟಿಗೆ ಗೂಡಿಗೆ ಹೋಗದಂತೆ ತಡೆಯಲು ಇದೇ ಬೇಲಿ. ಕಂಪನಿಯ ಎಂಜಿನಿಯರಿಗೆ ಘನ ಮೀಟರು ಬೇಕಿತ್ತು, ರೈತರಿಗೆ ಲೋಡು ಬೇಕಿತ್ತು. ಒಂದು ಟ್ರಾಲಿಗೆ ಹೆಚ್ಚುಕಡಿಮೆ ಮೂರು ಘನ ಮೀಟರ್ ಅಂತ ಹಿಡಿದು ಎರಡು ಲೆಕ್ಕವನ್ನೂ ತಾಳೆ ನೋಡುತ್ತಿದ್ದೆವು. ಏರಿ ಬುಡಕ್ಕೆ ಹತ್ತಿರ ಅಗೆಯಬಾರದು, ದನ ಇಳಿಯುವ ಕಡೆ ಇಳಿಜಾರು ಬಿಡಬೇಕು, ಅಡಿಯ ಜೇಡಿ ಪದರ ಒಡೆಯಬಾರದು. ಈ ಮೂರನ್ನು ಹಿಟಾಚಿ ಚಾಲಕನಿಗೆ ದಿನಾ ಬೆಳಗ್ಗೆ ನೆನಪಿಸುತ್ತಿದ್ದವರು ನೀರುಗಂಟಿ.

ನಾಮಫಲಕಕ್ಕೆ ಮಾತ್ರ ಎಲ್ಲಕ್ಕಿಂತ ಹೆಚ್ಚು ಜಗಳ. ಕಂಪನಿಗೆ ಲೋಗೋ, ಪಂಚಾಯಿತಿಗೆ ಸದಸ್ಯರ ಹೆಸರು, ಇನ್ನು ಕೆಲವರಿಗೆ ನಾಯಕರ ಫೋಟೊ. ಜೊತೆಗೆ ವಿಶ್ವಸಂಸ್ಥೆಯ 2015ರ 17 ಗುರಿಗಳಲ್ಲಿ ನೀರಿನ 6ನೆಯದು, ಪಾಲುದಾರಿಕೆಯ 17ನೆಯದರ ಬಣ್ಣದ ಚೌಕಗಳೂ ಇರಲಿ ಎಂದು ಕಂಪನಿಯ ವಿನ್ಯಾಸದವರು ಹೇಳಿದರು. ಕೊನೆಗೆ ಫಲಕವನ್ನೇ ಲೆಕ್ಕಪಟ್ಟಿ ಮಾಡಿದೆವು: ಯಾರು ಎಷ್ಟು ಹಾಕಿದರು ಅಂತ. ಚೀಟಿ ಪುಸ್ತಕದಿಂದ ರೈತರ ಸಾಗಣೆ ಖರ್ಚನ್ನೂ ರೂಪಾಯಿಗೆ ಇಳಿಸಿ ಬರೆದೆವು, ನರೇಗಾ ಕೂಲಿಯನ್ನೂ ಬರೆದೆವು. ಆ ಪಟ್ಟಿ ನೋಡಿದ ಮೇಲೆ ಕಂಪನಿಯವರ ಮಾತಿನಲ್ಲಿ "ಫಲಾನುಭವಿಗಳು" ಹೋಗಿ "ಪಾಲುದಾರರು" ಬಂತು. ಫೋಟೊ ಯಾರದ್ದೂ ಬರಲಿಲ್ಲ. ಚೌಕಗಳು ಮೂಲೆಯಲ್ಲಿವೆ.

ಇದರ ನಡುವೆಯೇ ಕಂಪನಿಯ ಮ್ಯಾನೇಜರು ಕೆಲಸ ಬಿಟ್ಟರು, ಎಂಜಿನಿಯರಿಗೆ ವರ್ಗವಾಯಿತು. ಪಂಚಾಯಿತಿ ಅಧ್ಯಕ್ಷರ ಅವಧಿಯೇ ಎರಡೂವರೆ ವರ್ಷ. ಜನ ಬದಲಾಗುತ್ತಾರೆ ಅಂತ ಮೊದಲೇ ಲೆಕ್ಕ ಹಾಕಿ ಕನ್ನಡದಲ್ಲಿ ಒಂದೇ ಪುಟದ ಒಪ್ಪಂದ ಮಾಡಿ, ಗ್ರಾಮಸಭೆಯಲ್ಲಿ ಜೋರಾಗಿ ಓದಿ, ನಡಾವಳಿ ಪುಸ್ತಕಕ್ಕೆ ಅಂಟಿಸಿದ್ದೆವು. ಕಂಪನಿಯ ವಕೀಲರು ಮಾಡಿದ ಇಂಗ್ಲಿಷ್ ಕರಾರೂ ಇದೆ, ದಪ್ಪಗಿದೆ. ಹೊಸಬರು ಬಂದಾಗ ಕೈಗೆ ಕೊಟ್ಟದ್ದು ಕನ್ನಡದ ಪುಟ.

ಮಳೆ ಬಂದು ಕಾಲುವೆಯಲ್ಲಿ ನೀರು ಹರಿಯಿತು. ಕೆರೆ ಅರ್ಧದ ಮೇಲೆ ತುಂಬಿತು, ಹೆಚ್ಚಾದ ನೀರು ಹೊರಹರಿಯುವ ಕೋಡಿ ಇನ್ನೂ ಬಿದ್ದಿಲ್ಲ. ಮೀನು ಹರಾಜಿನ ಹಣದಲ್ಲಿ ಒಂದು ಪಾಲು ಪ್ರತಿ ವರ್ಷ ಕಾಲುವೆ ಹೂಳೆತ್ತಲು ಇಡಬೇಕೆಂದು ಒಪ್ಪಂದದಲ್ಲೇ ಇದ್ದರೂ, ಎಷ್ಟು ಪಾಲು ಎಂಬುದರ ಮೇಲೆ ಈಗ ಎಳೆದಾಟ ನಡೆದಿದೆ. ಮೇಲಿನ ಊರಿನ ಕೆರೆಯವರೂ ಬಂದು ಕೇಳುತ್ತಿದ್ದಾರೆ. ಅವರ ಕೋಡಿ ನೀರೇ ನಮ್ಮ ಕೆರೆಗೆ ಇಳಿಯುವುದು. ದೀಪಾವಳಿ ಹತ್ತಿರ ಬಂತು, ಅವರಿಗೂ ಒಂದು ದೊಡ್ಡ ಹಾಳೆ ತರಲು ಹೇಳಿದ್ದೇನೆ.