ಕಪ್ಪು-ಬಿಳುಪು ಫೋಟೊಗೆ ‘ಸೂಪರ್’ ಅಂದರೆ ಸಾಕಾ?

ಸ್ನೇಹಿತರು ತಾವು ತೆಗೆದ ಕಪ್ಪು-ಬಿಳುಪು ಫೋಟೊ ತೋರಿಸಿ ‘ಹೇಗಿದೆ?’ ಅಂತಾರೆ. ನಾವು ‘ಸೂಪರ್’ ಅಂದು ಮುಗಿಸುತ್ತೇವೆ. ಅವರಿಗೆ ಖುಷಿ ಏನೋ ಆಗುತ್ತದೆ, ಕಲಿಯಲು ಏನೂ ಸಿಗುವುದಿಲ್ಲ. ಹಾಗಾದರೆ ಹೇಳುವುದು ಹೇಗೆ?

ಮೊದಲು ನಿಮ್ಮ ಸ್ಕ್ರೀನ್ ನೋಡಿಕೊಳ್ಳಿ. ಬ್ರೈಟ್‌ನೆಸ್ ತೀರಾ ಕಡಿಮೆ ಇದ್ದರೆ ನೆರಳಿನಲ್ಲಿರುವುದೆಲ್ಲ ಮುಳುಗಿಹೋಗುತ್ತದೆ. ಬಿಸಿಲಲ್ಲಿ ನಿಂತು ಮೊಬೈಲ್‌ನಲ್ಲಿ ನೋಡಿದರಂತೂ ಕೇಳಲೇಬೇಡಿ.

ಆಮೇಲೆ ಕಣ್ಣು ಅರ್ಧ ಮುಚ್ಚಿ ನೋಡಿ. ಸಣ್ಣಪುಟ್ಟ ವಿವರ ಮಸುಕಾಗಿ, ಬೆಳಕು-ಕತ್ತಲೆಯ ದೊಡ್ಡ ತುಂಡುಗಳಷ್ಟೇ ಉಳಿಯುತ್ತವೆ. ಕಣ್ಣು ಮೊದಲು ಎಲ್ಲಿಗೆ ಓಡಿತು? ಅದನ್ನೇ ಹೇಳಿ. ‘ಅಜ್ಜಿಯ ಮುಖಕ್ಕಿಂತ ಮೊದಲು ಹಿಂದಿನ ಬಿಳಿ ಕಿಟಕಿ ಕಾಣಿಸಿತು’ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹೇಳುತ್ತಿರುವುದು ನಿಮ್ಮ ಕಣ್ಣಿನ ವಿಷಯ, ಅಲ್ವಾ?

ಈಗ ಬೂದು ಬಣ್ಣಕ್ಕೆ ಬನ್ನಿ. ಹೆಚ್ಚಿನ ಫೋಟೊಗಳು ಸೋಲುವುದು ಇಲ್ಲೇ. ಕೆಂಪು ಹೂವು ಹಸಿರು ಎಲೆಗಳ ನಡುವೆ ಎದ್ದು ಕಾಣುತ್ತದೆ. ಬಣ್ಣ ತೆಗೆದರೆ ಎರಡೂ ಒಂದೇ ಬೂದಾಗಿ ಬೆರೆತುಹೋಗಬಹುದು. ಆಗ ಸುಮ್ನೆ ‘ಕಾಂಟ್ರಾಸ್ಟ್ (ಬೆಳಕು-ಕತ್ತಲೆಯ ಅಂತರ) ಜಾಸ್ತಿ ಮಾಡಿ’ ಅಂದರೆ ಪ್ರಯೋಜನವಿಲ್ಲ. ಅನೇಕ ಎಡಿಟಿಂಗ್ ಆ್ಯಪ್‌ಗಳಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಲೈಡರ್ ಇರುತ್ತದೆ. ಕೆಂಪನ್ನು ಏರಿಸಿದರೆ ಹೂವು ಬೆಳ್ಳಗಾಗುತ್ತದೆ, ಎಲೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಫಿಲ್ಮ್ ಕಾಲದಲ್ಲಿ ಇದಕ್ಕೇ ಲೆನ್ಸ್ ಮುಂದೆ ಬಣ್ಣದ ಫಿಲ್ಟರ್ ಹಾಕುತ್ತಿದ್ದರು. ಕೆಂಪು ಫಿಲ್ಟರ್ ಹಾಕಿದರೆ ನೀಲಿ ಆಕಾಶ ಕಪ್ಪಾಗಿ ಮೋಡ ಎದ್ದು ಬರುತ್ತಿತ್ತು.

‘ಸ್ವಲ್ಪ ಕಪ್ಪಾಯ್ತು’ ಅಂದರೆ ಎಷ್ಟು ಕಪ್ಪು? ಅಮೆರಿಕದ ಫೋಟೊಗ್ರಾಫರ್‌ಗಳಾದ ಅನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಆಸುಪಾಸಿನಲ್ಲಿ ರೂಪಿಸಿದ ಝೋನ್ ಸಿಸ್ಟಂ ಇದಕ್ಕೆ ಒಳ್ಳೆಯ ಅಳತೆಗೋಲು. ಅಚ್ಚ ಕಪ್ಪು 0, ಅಚ್ಚ ಬಿಳುಪು 10, ನಡುವಿನ ಬೂದು 5. ‘ನೆರಳು 1ಕ್ಕೆ ಇಳಿದಿದೆ, 3ಕ್ಕೆ ತಂದರೆ ಕಂಬಳಿಯ ಮಡಿಕೆ ಕಾಣುತ್ತದೆ’ ಅಂದುನೋಡಿ, ಮಾತು ತಟ್ಟನೆ ಅರ್ಥವಾಗುತ್ತದೆ. ಉರಿಯುವ ದೀಪ 10 ಮುಟ್ಟಿದರೆ ಪರವಾಗಿಲ್ಲ. ಬಿಳಿ ಅಂಗಿಯ ನೇಯ್ಗೆಯೇ ಮಾಯವಾಗಿದ್ದರೆ ಹೇಳಲೇಬೇಕು.

ಆದರೂ ತಪ್ಪು ಅನ್ನುವ ಮೊದಲು ಕೇಳಿ: ‘ಬೇಕಂತಲೇ ಇಷ್ಟು ಕತ್ತಲೆ ಇಟ್ಟಿರಾ?’ ಸಾಧ್ಯವಾದರೆ ಬಣ್ಣದ ಮೂಲ ಫೋಟೊವನ್ನೂ ತೋರಿಸಲು ಹೇಳಿ. ಬಣ್ಣ ಕೆಟ್ಟಿದೆ ಅಂತ ಕಪ್ಪು-ಬಿಳುಪು ಮಾಡಿ ಪಾರಾಗುವುದೂ ಉಂಟು. ನಾನೇ ಎಷ್ಟೋ ಸಲ ಮಾಡಿದ್ದೇನೆ, ಒಂದೂ ಬದುಕಿಲ್ಲ.

ಸಲಹೆ ಒಂದೋ ಎರಡೋ ಸಾಕು.

ನಿಮ್ಮ ಫೋಟೊದ ಸರದಿ ಬಂದಾಗ ಬಾಯಿ ಬಿಡಬೇಡಿ. ತೆಗೆಯಲು ಪಟ್ಟ ಕಷ್ಟದ ಕಥೆ ಆಮೇಲೆ ಹೇಳಬಹುದು. ಇಬ್ಬರು ಮೂವರು ಬೇರೆ ಬೇರೆಯಾಗಿ ಅದೇ ಬಿಳಿ ಕಿಟಕಿಯತ್ತ ಬೆರಳು ತೋರಿಸಿದರೆ, ವಾದ ಬಿಟ್ಟು ಕಿಟಕಿಯನ್ನು ಒಂಚೂರು ಮಂಕು ಮಾಡಿ. ಹಳೆಯದರ ಪಕ್ಕದಲ್ಲೇ ಇಟ್ಟು ಮತ್ತೆ ತೋರಿಸಿ.